ಕಣ್ಣು ಒಡೆಸುವ ಔಷಧಿ

ಕತ್ತರಿ ಬಿದ್ದ ಮಾರನೆ ದಿನ
ದ್ರಾಕ್ಷಿ ಕಡ್ಡಿಗೆ ಔಷಧಿ ಸವರುವ ಕೆಲಸ ನಮ್ಮದು.
ನಾನು, ಅಕ್ಕಯ್ಯಮ್ಮ, ನಾರೆಪ್ಪನ ಸೊಸೆ,
ಪೆರೇಸಂದ್ರದ ಕಡೆಯಿಂದ ಟೆಂಪೋದಲ್ಲಿ ಬರುವ ಇನ್ನಿಬ್ಬರು.
ಮಗ್ಗಿನಲ್ಲಿ ಔಷಧಿ, ಔಷಧಿಯಲ್ಲಿ ಸ್ಪಂಜಿನ ತುಂಡು,
ಹಿಂಡು, ಗಿಣ್ಣಿಗೊಂದು ಒತ್ತು, ಮುಂದಕ್ಕೆ ನಡಿ.
ಗಿಣ್ಣಿನೊಳಗೆ ಕಣ್ಣು ಮುಚ್ಚಿ ಮಲಗಿರುತ್ತೆ ಚಿಗುರು.
ಅಷ್ಟೂ ಕಣ್ಣು ಒಟ್ಟಿಗೆ ಒಡೆಯಬೇಕು,
ಅದು ಅಪ್ಪಯ್ಯಣ್ಣನ ಲೆಕ್ಕ.
ತೊಗಟೆ ದಾಟಿ ಅದು ಹೇಗೆ ಒಳಗೆ ಹೋಗುತ್ತೆ ಅಂತ
ಐದು ವರ್ಷದಲ್ಲಿ ಒಂದು ದಿನ ನಾನು ಕೇಳಿದವಳಲ್ಲ.

ಕೈಗವಸು ಕೊಟ್ಟಿದ್ದರು, ಸುಳ್ಳಾಡಬಾರದು.
ನನ್ನ ಎಡಗೈಯದಕ್ಕೆ ಹೆಬ್ಬೆರಳ ಬುಡದಲ್ಲಿ
ಅವರೆಕಾಳಿನಷ್ಟು ತೂತು.
ಒಳಗಿಳಿದದ್ದು ಹೊರಗೆ ಬರಲಾರದೆ
ಸಂಜೆವರೆಗೂ ನನ್ನ ಬೆವರಲ್ಲೇ ಬೆಂದು
ಅಲ್ಲೇ ಬಿಡಾರ ಹೂಡಿತು.

ಸಂಜೆ, ಪಂಪ್‌ಹೌಸಿನ ಹಿಂದೆ,
ಐದು ಜನಕ್ಕೆ ಒಂದು ಕ್ವಾರ್ಟರ್.
ಮೈಕೈ ನೋವಿಗೆ. ಮೇಲೊಂದು ಏಲಕ್ಕಿ.
ಇದು ನಮ್ಮ ಗಂಡಂದಿರಿಗೂ ಗೊತ್ತಿಲ್ಲದ ಮಾತು.

ಅವತ್ತು ಒಲೆ ಮುಂದೆ ಕೂತಿದ್ದೆ.
ಮುಖ ಕೆಂಡವಾಯಿತು.
ಎದೆಯೊಳಗೆ ಯಾರೋ ರಾಗಿಕಲ್ಲು ತಿರುಗಿಸಿದ ಹಾಗೆ,
ಕಣ್ಣಿಗೆ ಗೋಡೆಯೇ ಕಾಣದು.
ಗಾಳಿ ಸೋಕಿದೆ ಅಂದರು ಅತ್ತೆ,
ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು.
ಘಾಟು ಬಂತು. ಗಾಳಿ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಸಿಸ್ಟರ್ ಸಲೋಮಿ
ನಾಡಿ ಹಿಡಿದಳು, ಅಂಗೈ ತಿರುಗಿಸಿದಳು,
ಅತ್ತೆ ಎದುರಲ್ಲೇ ಕೇಳಿದಳು:
"ಯಾರ ತೋಟ? ಎಷ್ಟು ಕುಡಿದೆ?"

ನಾನು ಬಾಯಿ ಬಿಡಲಿಲ್ಲ.
ತೊಗಲು ಆಗಲೇ ಎಲ್ಲ ಹೇಳಿಬಿಟ್ಟಿತ್ತು.

ಡ್ರಿಪ್ ಹಾಕುತ್ತಾ ಅಂದಳು:
ಗೋಡೆ ಅಂದುಕೊಂಡಿದ್ದೀಯ ತೊಗಲನ್ನ. ಜರಡಿ ಕಣೇ ಅದು.
ಅಂಗೈ ದಪ್ಪ, ಒಂದಷ್ಟು ತಡೆಯುತ್ತೆ.
ಹಣೆ, ಕಂಕುಳು, ತೊಡೆಸಂದು,
ಅಲ್ಲೆಲ್ಲ ಬಾಗಿಲಿಗೆ ಚಿಲಕವೇ ಇಲ್ಲ.
ಅದೇ ಕೈಯಲ್ಲಿ ಹಣೆ ಒರೆಸಿಕೊಂಡೆಯಾ?

ಒರೆಸಿಕೊಂಡಿದ್ದೆ. ಅಕ್ಟೋಬರ್ ಬಿಸಿಲು, ಎಷ್ಟು ಸಲವೋ.

ಮೊದಲು ಬಟ್ಟೆ ಕಳಚು. ಮಗುವಿನ ಬಟ್ಟೆ ಜೊತೆ ನೆನೆಸಬೇಡ.
ಬಳೆ ಸರಿಸಿ ತೊಳಿ, ಉಗುರಿನ ಸಂದು ತೊಳಿ.
ಸುಡುನೀರು ಬೇಡ, ದಾರಿ ಇನ್ನೂ ಸಲೀಸಾಗುತ್ತೆ.
ತೆಂಗಿನನಾರಲ್ಲಿ ಉಜ್ಜಬೇಡ, ಒಂದೊಂದು ಗೀರೂ ಒಂದೊಂದು ಕಾಲುವೆ.
ಸೀಮೆಎಣ್ಣೆ ಅಂತೂ ಮುಟ್ಟಲೇಬೇಡ.
ಹರಿಯೋ ನೀರು, ಸೋಪು,
ಅನ್ನ ಬೇಯುವಷ್ಟು ಹೊತ್ತು.

"ಹೋಗುತ್ತಾ?" ಅಂದೆ.

ಮೇಲಿದ್ದದ್ದು ಹೋಗುತ್ತೆ.
ಒಳಗಿಳಿದದ್ದಕ್ಕೆ ಸೋಪಿಲ್ಲ.
ಅದನ್ನ ನಿನ್ನ ಲಿವರ್ರೇ ಕೂತು ತೊಳೀಬೇಕು,
ಅಲ್ಲೀವರೆಗೆ ನೀನು ಬಾಟಲಿ ಕಡೆ ತಿರುಗಿ ನೋಡಬಾರದು.

ಬೆಳಗಿನ ಜಾವ ಮನೆ.
ಬಚ್ಚಲಲ್ಲಿ ಅತ್ತೆ ತಣ್ಣೀರು ಹುಯ್ದರು,
ಚೊಂಬಿನ ಮೇಲೆ ಚೊಂಬು, ಮಾತಿಲ್ಲ.
ಮಗು ತೊಳೆದ ಹಾಗೆ ಕಿವಿ ಹಿಂದೆ, ಬೆರಳ ಸಂದಿ.
ಕೊನೇ ಚೊಂಬಿಗೆ ಅಂದರು:
"ಏಲಕ್ಕಿ ದುಬಾರಿ. ಅದ್ಯಾಕೆ ದಂಡ ಮಾಡ್ತೀಯ?
ನಂಗೆ ಮೊದಲ ವರ್ಷವೇ ಗೊತ್ತಿತ್ತು."

ನಾಲ್ಕು ದಿನ ಬಿಟ್ಟು ತೋಟಕ್ಕೆ ಹೋದೆ.
ಒಂದು ಡ್ರಮ್ ನೀರು, ಸಾಲಿನ ತಲೆಯಲ್ಲಿ. ಕೆಂಪು ಸೋಪು. ಹೊಸ ಗವಸು.
ಅಪ್ಪಯ್ಯಣ್ಣ ನಕ್ಕ:
"ಗಿಡಕ್ಕೇ ಹನಿ ಲೆಕ್ಕದಲ್ಲಿ ಬಿಡ್ತಿದ್ದೀನಿ,
ನಿಮ್ಮ ಕೈಗೆ ಡ್ರಮ್ಮಾ?"
ಅಕ್ಕಯ್ಯಮ್ಮ ಮಗ್ಗನ್ನು ಕಲ್ಲುಕಂಬದ ಮೇಲೆ ಬೋರಲು ಹಾಕಿದಳು.
ಆಮೇಲೆ ನಾರೆಪ್ಪನ ಸೊಸೆ.
ಮಧ್ಯಾಹ್ನಕ್ಕೆ ಡ್ರಮ್ ಬಂತು. ಸೋಪು ಅರ್ಧ ತುಂಡು.
ಗವಸು ನಾಳೆ ಅಂದ.

ನಾವು ಮೊದಲೇ ಸವರಿದ್ದ ಸಾಲುಗಳಲ್ಲಿ ಈಗ ಕಣ್ಣು ಒಡೆದಿವೆ,
ಗಿಣ್ಣು ಗಿಣ್ಣಿಗೂ ಹಸಿರು.
ನನ್ನ ಹೆಬ್ಬೆರಳ ಬುಡದಲ್ಲೂ ಸಿಪ್ಪೆ ಎದ್ದಿದೆ,
ಕೆಳಗೆ ಹೊಸ ತೊಗಲು, ಗುಲಾಬಿ ಬಣ್ಣ,
ಯಾರು ತಟ್ಟಿದರೂ ಬಾಗಿಲು ತೆಗೆಯುವಷ್ಟು ಎಳಸು.